ಚೇಂಜಪ್‌ಗೆ ಕೈ ತಿರುಗಿಸಬೇಕೋ, ಬೆರಳು ಮಡಚಬೇಕೋ?

ಸಾಫ್ಟ್‌ಬಾಲ್‌ನಲ್ಲಿ ಫಾಸ್ಟ್‌ಬಾಲ್‌ನಂತೆಯೇ ತೋಳು ಸುತ್ತಿ ನಿಧಾನವಾಗಿ ಬಿಡುವ ಚೆಂಡೇ ಚೇಂಜಪ್. ನಮ್ಮ ಓಟು ಕೈ ತಿರುಗಿಸಿ ಬಿಡುವ ಫ್ಲಿಪ್‌ಗೆ. ವಿಜಯಪುರದ ಎರೆಮಣ್ಣಿನ ಮೈದಾನದಲ್ಲಿ ಹೈಸ್ಕೂಲು ಹುಡುಗಿಯರ ಕೈಗೆ ನಾಲ್ಕು ಬಗೆಯ ಚೇಂಜಪ್ ಕೊಟ್ಟು ನೋಡಿದ ಮೇಲೆ ಉಳಿದಿದ್ದು ಅದೊಂದೇ.

ಫಾಸ್ಟ್‌ಬಾಲ್ ಗಂಟೆಗೆ 80 ಕಿ.ಮೀ. ಇದ್ದು ಚೇಂಜಪ್ 62ಕ್ಕೆ ಇಳಿದರೆ, 43 ಅಡಿ ಪಿಚ್‌ನಲ್ಲಿ ಚೆಂಡು ತಲುಪುವುದು ಸುಮಾರು 0.15ರಿಂದ 0.17 ಸೆಕೆಂಡು ತಡ. ಬ್ಯಾಟ್ ಮುಂದೆ ಹೋಗಿಬಿಡಲು ಅಷ್ಟು ಸಾಕು. ಆದರೆ ತೋಳು ಎರಡಕ್ಕೂ ಒಂದೇ ವೇಗದಲ್ಲಿ ಸುತ್ತಬೇಕು.

ಪಾಮ್ ಬಾಲ್ ಒಂದೇ ದಿನದಲ್ಲಿ ಬರುತ್ತದೆ. ಚೆಂಡನ್ನು ಅಂಗೈಗೆ ಒತ್ತಿ ಹಿಡಿದು, ಮಣಿಕಟ್ಟು ಬಿಗಿ ಮಾಡಿ ತಳ್ಳುವುದಷ್ಟೇ. ವೇಗ ಸಾಕಷ್ಟು ಇಳಿಯುವುದಿಲ್ಲ; ಇಳಿಸಲು ಹೋಗಿ ಹುಡುಗಿಯರು ತೋಳನ್ನೇ ನಿಧಾನ ಮಾಡುತ್ತಾರೆ, ಬ್ಯಾಟರ್‌ಗೆ ಅಲ್ಲೇ ಗೊತ್ತಾಗುತ್ತದೆ.

ಸರ್ಕಲ್, ಅಂದರೆ ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ ಹಿಡಿಯುವುದು: ಉದ್ದ ಬೆರಳಿನವರಿಗೆ. 12 ಇಂಚು ಸುತ್ತಳತೆಯ ಚೆಂಡು ಚಿಕ್ಕ ಕೈಯಲ್ಲಿ ನಿಲ್ಲುವುದೇ ಇಲ್ಲ.

ನಕಲ್ (ಗೆಣ್ಣು) ಚೇಂಜಪ್‌ನಲ್ಲಿ ಬೆರಳು ಮಡಚಿ ಗೆಣ್ಣುಗಳನ್ನು ಚೆಂಡಿಗೆ ಊರಬೇಕು. ಸರಿಯಾಗಿ ಬಿದ್ದರೆ ಸುತ್ತದೇ ತೇಲಿ ಬರುತ್ತದೆ, ನೋಡಲು ಚೆಂದ. ಏಪ್ರಿಲ್ ಬಿಸಿಲಲ್ಲಿ ಬೆವರಿದ ಗೆಣ್ಣಿನಿಂದ ಜಾರುತ್ತದೆ. ಗ್ಲೌಸ್‌ನಿಂದ ಕೈ ಹೊರಬಂದ ಕೂಡಲೇ ಮಡಚಿದ ಬೆರಳು ಬೇಸ್ ಪಕ್ಕ ನಿಂತ ಎದುರಾಳಿ ಕೋಚ್ ಕಣ್ಣಿಗೂ ಬೀಳುತ್ತದೆ.

ಫ್ಲಿಪ್‌ನಲ್ಲಿ ಹಿಡಿತ ಫಾಸ್ಟ್‌ಬಾಲ್‌ನದೇ, ಬಚ್ಚಿಡುವುದಕ್ಕೆ ಏನೂ ಇಲ್ಲ. ಕ್ರಿಕೆಟ್‌ನಲ್ಲಿ ಕೈಬೆನ್ನು ಮುಂದೆ ಮಾಡಿ ಬಿಡುವ ಸ್ಲೋವರ್ ಬಾಲ್‌ನ ತಂಗಿ ಇದು. ತೋಳು ಕೆಳಗಿಳಿದು ಸೊಂಟದ ಹತ್ತಿರ ಬಂದಾಗ ಕೈಬೆನ್ನು ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಕಡೆ ತಿರುಗಬೇಕು, ಗೆಣ್ಣುಗಳು ಮುಂದಾಗಿ ಹೋಗಬೇಕು.

ತಂಟೆ ಇರುವುದು ಇಲ್ಲೇ. ಚೆಂಡು ಬಿಟ್ಟ ಮೇಲೆ ಕೈ ಭುಜದತ್ತ ಏರಿತೆಂದರೆ ಚೆಂಡೂ ಏರುತ್ತದೆ. ಎದೆಮಟ್ಟಕ್ಕೆ ನಿಧಾನವಾಗಿ ಬರುವ ಆ ಚೆಂಡನ್ನು ಯಾರು ಬಿಟ್ಟಾರು? ಬಿಡುವುದು ತಡವಾದರೂ ಇದೇ ಗತಿ. ಇನ್ನು ತೋಳು ಮೇಲಿರುವಾಗಲೇ ಕೈ ತಿರುಗಿಸಿದರೆ ಗುಟ್ಟು ರಟ್ಟು.

ಮೂರು ವಾರ ಕಾಡಿದ ಈ ಏರುಚೆಂಡಿಗೆ ಮದ್ದು ಒಂದು ಹಗ್ಗ. ಪಿಚ್‌ನ ನಡುವೆ, ಅಂದರೆ 21 ಅಡಿಯ ಹತ್ತಿರ, ಎರಡು ಗೂಟಕ್ಕೆ 5 ಅಡಿ ಎತ್ತರದಲ್ಲಿ ಕಟ್ಟಿ. ಚೆಂಡು ಅದರ ಕೆಳಗೇ ಹೋಗಬೇಕು, ಬ್ಯಾಟರ್‌ನ ಮೊಣಕಾಲ ಹತ್ತಿರ ಇಳಿಯಬೇಕು. ಹಗ್ಗದ ಮೇಲಿಂದ ಹೋದರೆ “ಕೈ ಕೆಳಗ ಇಡವಾ” ಅಂದರೆ ಸಾಲದು: ಕೈ ಸೊಂಟದ ಮಟ್ಟದಲ್ಲೇ ಮುಂದಕ್ಕೆ ಚಾಚಿ ನಿಲ್ಲಬೇಕು, ಎರಡು ಎಣಿಸುವವರೆಗೂ ಹಾಗೇ ಇರಲಿ. ಮೊದಲು 20 ಅಡಿಯಿಂದ ಗೋಡೆಗೆ, ಆಮೇಲೆ ಪೂರ್ತಿ ದೂರದಿಂದ.

ಮೂರು ಚೆಂಡು, ಸಂಜೆ ಒಂದು ತಾಸು, ಕ್ಯಾಚರ್ ಬಂದರೆ ಬಂದಳು ಎನ್ನುವ ತಂಡಕ್ಕೆ ಇದಕ್ಕಿಂತ ಅಗ್ಗದ್ದು ಇಲ್ಲ. ಹಗ್ಗ ಎತ್ತಿನ ಕೊರಳಿಂದ ಬಿಚ್ಚಿದ್ದಾದರೂ ನಡೆಯುತ್ತದೆ.