ಹಾಲಿನ ಪುಸ್ತಕದ ಹಾಳೆಯನ್ನೇ ಟೇಬಲ್ ಮಾಡಿ ಕೆಟ್ಟೆ

ಊರಿನ ಹಾಲಿನ ಸೊಸೈಟಿಗೆ, ಮಾಹಿತಿ ಕೂಡಿಡುವ ತಂತ್ರಾಂಶವಾದ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಲೆಕ್ಕದ ಪ್ರೋಗ್ರಾಂ ಮಾಡಿಕೊಟ್ಟವನು ನಾನೇ. ದುಡ್ಡು ತಗೊಂಡಿರಲಿಲ್ಲ, ಅದೊಂದೇ ಸಮಾಧಾನ. ಬಟವಾಡೆ ದಿನ 47ನೇ ನಂಬರಿನ ಸದಸ್ಯೆ ಬಂದು ನಿಂತರೆ, ಕಂಪ್ಯೂಟರ್ ಪ್ರಕಾರ ಅವರು ತಿಂಗಳಿಡೀ ಒಂದು ತೊಟ್ಟು ಹಾಲು ಹಾಕಿಲ್ಲ. 147ನೇ ನಂಬರಿನವರಿಗೆ ಎರಡೆರಡು ಬಿಲ್. "ಎರಡು ಹೊತ್ತೂ ನಾನೇ ಹೊತ್ಕೊಂಡು ಬಂದಿದೀನಲ್ಲಪ್ಪಾ, ಯಾರ ಲೆಕ್ಕಕ್ಕೆ ಹೋಯ್ತು ನಮ್ಮ ಹಾಲು?" ಅಂತ ಆಯಮ್ಮ ಕೇಳಿದಾಗ ಕಾರ್ಯದರ್ಶಿ ನನಗೆ ಫೋನ್ ಹಚ್ಚಿದರು.

ತಪ್ಪು ಆಪರೇಟರ್ ಹುಡುಗನದಲ್ಲ. ಸೊಸೈಟಿಯ ಪುಸ್ತಕದಲ್ಲಿ ಒಬ್ಬರಿಗೆ ತಿಂಗಳಿಗೊಂದು ಹಾಳೆ ಇರುತ್ತದಲ್ಲ, ನಾನು ಅದನ್ನೇ ನೋಡಿಕೊಂಡು ತೆರೆಯ ಮೇಲೆ ತುಂಬುವ ಫಾರ್ಮ್ ಬಿಡಿಸಿದ್ದೆ. ಆ ಫಾರ್ಮ್ ನೋಡಿಕೊಂಡು, ಬರೆದದ್ದು ಹೋಗಿ ಕೂರುವ ಟೇಬಲ್ ಮಾಡಿದ್ದೆ. ಒಂದು ಹಾಳೆಗೆ ಒಂದು ಸಾಲು. ಫಾರ್ಮನ್ನು ನೇರ ಟೇಬಲ್ಲಿಗೇ ಕಟ್ಟಿದ್ದೆ. ಹಾಗೆ ಕಟ್ಟಿದ ಫಾರ್ಮಿನಲ್ಲಿ ಆಕ್ಸೆಸ್ "ಸೇವ್ ಮಾಡಲಾ?" ಅಂತ ಕೇಳುವುದಿಲ್ಲ. ಮುಂದಿನ ರೆಕಾರ್ಡಿಗೆ, ಅಂದರೆ ಮುಂದಿನ ಸಾಲಿಗೆ ಹೋದರೆ ಸಾಕು, ಫಾರ್ಮ್ ಮುಚ್ಚಿದರೆ ಸಾಕು, ಬರೆದದ್ದು ಟೇಬಲ್ಲಿಗೆ ಇಳಿದಿರುತ್ತದೆ.

ತಿಂಗಳ ಕೊನೆಯ ಸಂಜೆ ತೆರೆಯ ಮೇಲೆ 47ರ ಹಾಳೆ ಇತ್ತು. ಹುಡುಗನಿಗೆ 147 ಬೇಕಿತ್ತು. ಹುಡುಕಲು ಅಂತ ನಂಬರಿನ ಜಾಗದಲ್ಲೇ 147 ಅಂತ ಒತ್ತಿದ. ನಂಬರ್ ನೋಡಿ ಹೆಸರು ತೋರಿಸುವ ಹಾಗೆ ನಾನು ಬರೆದಿದ್ದರಿಂದ ಹೆಸರೂ ಬದಲಾಯಿತು! ಹಾಳೆ ಸಿಕ್ಕಿತು ಅಂದುಕೊಂಡು ಅವನು ಹಾಲು ಬರೆದು ಮುಂದೆ ಹೋದ. ಆಯಮ್ಮನ ಇಡೀ ತಿಂಗಳು ಅಲ್ಲಿಗೆ ಇನ್ನೊಬ್ಬರ ಪಾಲಾಯಿತು. ತಿದ್ದುಪಡಿ ಇನ್ನೂ ಸೇವ್ ಆಗಿಲ್ಲ ಎಂದು ಎಡಗಡೆಯ ಪಟ್ಟಿಯಲ್ಲಿ ಒಂದು ಪೆನ್ಸಿಲ್ ಗುರುತು ಬರುತ್ತದೆ. ಚೆನ್ನಾಗಿ ಕಾಣಲ್ಲ ಅಂತ ಆ ಪಟ್ಟಿಯನ್ನೇ ನಾನು ತೆಗೆದಿದ್ದೆ. ಸದಸ್ಯ ನಂಬರ್ ಮತ್ತು ತಿಂಗಳು ಎರಡೂ ಸೇರಿ ಮರುಕಳಿಸಬಾರದು ಅಂತ ಯೂನಿಕ್ ಇಂಡೆಕ್ಸ್ ಹಾಕಿದ್ದರೂ ಸಾಕಿತ್ತು, ಆಕ್ಸೆಸ್ ಅಲ್ಲೇ ತಡೆಯುತ್ತಿತ್ತು. ಪ್ರತಿ ಸಾಲಿಗೆ ತಾನೇ ಬೇರೆ ನಂಬರ್ ಕೊಡುವ ಆಟೋನಂಬರ್ ಇದೆಯಲ್ಲ ಅಂತ ಸುಮ್ಮನಿದ್ದೆ.

ಇದಕ್ಕಿಂತ ಮೊದಲೇ ಒಂದು ಸೂಚನೆ ಸಿಕ್ಕಿತ್ತು ನೋಡಿ. 31 ದಿನ, ಎರಡು ಹೊತ್ತು, ಪ್ರತಿ ಹೊತ್ತಿಗೆ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ಮೊತ್ತ: ಒಟ್ಟು 248 ಕಾಲಂ. ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ರೀಡಿಂಗ್ ಕೂಡ ಸೇರಿಸಿ ಅಂದರು ಕಾರ್ಯದರ್ಶಿ. ಇನ್ನೂ 62. ಆಕ್ಸೆಸ್ ಟೇಬಲ್ಲಿನ ಮಿತಿಯೇ 255. ಆಗಲೇ ಬುದ್ಧಿ ಬರಬೇಕಿತ್ತು. ನಾನು ಎರಡನೇ ಟೇಬಲ್ ಮಾಡಿ ತೇಪೆ ಹಚ್ಚಿದೆ.

ಪುಣ್ಯಕ್ಕೆ ಕಾರ್ಯದರ್ಶಿ ಕಾಗದದ ಪುಸ್ತಕ ಬರೆಯುವುದನ್ನು ಬಿಟ್ಟಿರಲಿಲ್ಲ. ಅದನ್ನು ನೋಡಿ ಬಿಲ್ ಸರಿ ಮಾಡಿದೆವು.

ಈಗ ಟೇಬಲ್ಲಿನಲ್ಲಿ ಒಂದು ಸಲ ಹಾಕಿದ ಹಾಲಿಗೆ ಒಂದು ಸಾಲು: ತಾರೀಖು, ಹೊತ್ತು, ಸದಸ್ಯ ನಂಬರ್, ಹಸುವೋ ಎಮ್ಮೆಯೋ, ಅಳತೆಗಳು, ಅವತ್ತಿನ ದರ. ದರವನ್ನು ಸಾಲಿನಲ್ಲೇ ಇಡಿ; ದರಪಟ್ಟಿಯಿಂದ ಪ್ರತಿ ಸಲ ಲೆಕ್ಕ ಹಾಕಿದರೆ ಪಟ್ಟಿ ಬದಲಾದ ದಿನ ಹಳೇ ಬಿಲ್ಲುಗಳೂ ಬದಲಾಗುತ್ತವೆ. ಫಾರ್ಮ್ ಖಾಲಿಯಾಗಿ ತೆರೆಯುತ್ತದೆ, ಯಾವ ಟೇಬಲ್ಲಿಗೂ ಕಟ್ಟಿಲ್ಲ. ಬಟನ್ ಒತ್ತಿದಾಗ ಕೋಡ್ ಪರೀಕ್ಷೆ ಮಾಡಿ ಹೊಸ ಸಾಲು ಸೇರಿಸುತ್ತದೆ. ತಪ್ಪಿದ್ದರೆ ಹಳೇ ಸಾಲಿಗೆ ರದ್ದು ಎಂದು ಗುರುತು ಹಾಕಿ ಹೊಸದು ಬರೆಯುತ್ತೇವೆ, ಅಳಿಸುವುದಿಲ್ಲ. ಕಾರ್ಯದರ್ಶಿಗೆ ಬೇಕಾದ ತಿಂಗಳ ಹಾಳೆ ಈಗಲೂ ಇದೆ, ಬರೀ ರಿಪೋರ್ಟ್ ಆಗಿ.

ನಿಮ್ಮದೂ ನನ್ನ ಹಳೇ ಫಾರ್ಮಿನಂಥದ್ದೇ ಆಗಿದ್ದು, ಎಲ್ಲ ಬದಲಿಸಲು ಪುರುಸೊತ್ತಿಲ್ಲವೆಂದರೆ, ಹುಡುಕುವ ಪೆಟ್ಟಿಗೆಯನ್ನಾದರೂ ಬೇರೆ ಮಾಡಿ, ಅದನ್ನು ಯಾವ ಕಾಲಂಗೆ ಕಟ್ಟಿದೆ ಎಂದು ಹೇಳುವ ಕಂಟ್ರೋಲ್ ಸೋರ್ಸ್ ಖಾಲಿ ಬಿಡಿ. ನಂಬರಿನ ಜಾಗಕ್ಕೆ ಲಾಕ್ ಹಾಕಿ. ಪೆನ್ಸಿಲ್ ಪಟ್ಟಿ ತೆಗೆಯಬೇಡಿ. ಸೇವ್ ಆಗುವ ಮುಂಚೆ ಓಡುವ ಬಿಫೋರ್ ಅಪ್ಡೇಟ್‌ನಲ್ಲಿ ಒಂದು ಪ್ರಶ್ನೆ ಕೇಳಿಸಿ, ಬೇಡವೆಂದರೆ ಅಲ್ಲೇ ರದ್ದಾಗಲಿ. ಇಷ್ಟಕ್ಕೆ ಅರ್ಧ ಗಂಟೆ ಸಾಕು.