ಜೇನ್ನೊಣದ ರೆಕ್ಕೆಯ ಮೇಲೆ 19 ಬಿಂದು: ಲ್ಯಾಂಡ್‌ಮಾರ್ಕ್ ಇಡುವ ಮೂರು ತಂತ್ರಾಂಶಗಳ ಹೋಲಿಕೆ

ಜೇನ್ನೊಣದ ಮುಂದಿನ ರೆಕ್ಕೆಯಲ್ಲಿ ನರಗಳು ಒಂದನ್ನೊಂದು ಕೂಡುವ ಜಾಗಗಳಲ್ಲಿ 19 ಲ್ಯಾಂಡ್‌ಮಾರ್ಕ್‌ಗಳನ್ನು ಗುರುತಿಸಿ, ಅವುಗಳ ನಿರ್ದೇಶಾಂಕಗಳಿಂದ ರೆಕ್ಕೆಯ ಆಕಾರವನ್ನು ಹೋಲಿಸುವುದು ಈಗ ಚೆನ್ನಾಗಿ ನೆಲೆಯೂರಿದ ವಿಧಾನ. ಲಿಂಗಸುಗೂರು, ಗಂಗಾವತಿ, ಸಿರುಗುಪ್ಪದ ಕಡೆಯಿಂದ ತಂದ ಕೋಲುಜೇನು ಮತ್ತು ಹೆಜ್ಜೇನಿನ ರೆಕ್ಕೆಗಳ ಫೋಟೋಗಳನ್ನು ರಾಯಚೂರಿನಲ್ಲಿ ನಾವು ಟಿಪಿಎಸ್‌ಡಿಗ್, ಇಮೇಜ್‌ಜೆ, ಮತ್ತು ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆ ಬಳಸುವ ಆರ್ ಭಾಷೆಯ ಜಿಯೋಮಾರ್ಫ್ ಪ್ಯಾಕೇಜು ಎಂಬ ಮೂರರಲ್ಲೂ ಗುರುತಿಸಿ ನೋಡಿದ್ದೇವೆ. ಮೂರೂ ಉಚಿತ. ಮೂರರಲ್ಲೂ ಮೌಸ್ ಒತ್ತಿದರೆ ಬಿಂದು ಬೀಳುತ್ತದೆ. ಆದ್ದರಿಂದ ಬಿಂದು ಇಡುವುದು ಎಷ್ಟು ಸುಲಭ ಎಂಬುದನ್ನು ನಾನು ಇಲ್ಲಿ ಅಳತೆಗೋಲಾಗಿ ಇಟ್ಟುಕೊಂಡಿಲ್ಲ. ಏನಾದರೂ ಕೆಟ್ಟಾಗ ಅದು ಕೆಟ್ಟಿದೆ ಎಂಬುದು ಯಾವ ತಂತ್ರಾಂಶದಲ್ಲಿ ಬೇಗ ತಿಳಿಯುತ್ತದೆ, ಯಾವುದರಲ್ಲಿ ಕೊನೆಯ ನಕ್ಷೆ ಬರುವವರೆಗೂ ಅಡಗಿರುತ್ತದೆ ಎಂಬುದೇ ನನಗೆ ಮುಖ್ಯವಾಗಿ ಕಂಡಿತು.

ಟಿಪಿಎಸ್‌ಡಿಗ್ ಅನ್ನು ಬರೆದವರು ಅಮೆರಿಕದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಜೇಮ್ಸ್ ರೋಲ್ಫ್. ಅದು ವಿಂಡೋಸ್‌ಗಾಗಿಯೇ ಮಾಡಿದ್ದು. ಲಿನಕ್ಸ್ ಇರುವವರು ವಿಂಡೋಸ್ ತಂತ್ರಾಂಶಗಳನ್ನು ಓಡಿಸುವ ವೈನ್ ಮೂಲಕ ನಡೆಸಬೇಕಾಗುತ್ತದೆ. ಮುಖಪುಟ ಹಳೆಯ ಕಾಲದ್ದೆನಿಸಿದರೂ ಅದರ ಕಡತದಷ್ಟು ಪ್ರಾಮಾಣಿಕವಾದ ಕಡತವನ್ನು ನಾನು ಬೇರೆ ಕಂಡಿಲ್ಲ. ನೋಟ್‌ಪ್ಯಾಡಿನಲ್ಲಿ ತೆರೆದರೆ ಮೊದಲ ಸಾಲಿನಲ್ಲಿ ‘ಎಲ್‌ಎಂ=19’ ಎಂಬ ಅರ್ಥದ ಗುರುತು, ಅದರ ಕೆಳಗೆ ಸಾಲಿಗೆ ಎರಡರಂತೆ 19 ಸಾಲು ಸಂಖ್ಯೆಗಳು, ಆಮೇಲೆ ಚಿತ್ರದ ಹೆಸರು, ಕ್ರಮಸಂಖ್ಯೆ, ಕೊನೆಗೆ ಸ್ಕೇಲ್, ಅಂದರೆ ಒಂದು ಪಿಕ್ಸೆಲ್ ಎಷ್ಟು ಉದ್ದಕ್ಕೆ ಸಮ ಎಂಬ ಲೆಕ್ಕ. ಒಂದು ರೆಕ್ಕೆಗೆ ಸ್ಕೇಲ್ ಹಾಕುವುದು ಬಿಟ್ಟುಹೋಗಿದ್ದರೆ ಆ ಸಾಲೇ ಇರುವುದಿಲ್ಲ, ಕಣ್ಣಾಡಿಸಿದರೆ ಸಾಕು. ಒಂದು ಬಿಂದು ಬಿಟ್ಟುಹೋಗಿದ್ದರೆ 19ರ ಬದಲು 18 ಎಂದಿರುತ್ತದೆ. ನಡುವೆ ಬಿಟ್ಟುಹೋದ ಬಿಂದುವನ್ನು ಅದರ ಜಾಗದಲ್ಲೇ ಸೇರಿಸಲು ಬರುವುದರಿಂದ ಮುಂದಿನ ಬಿಂದುಗಳ ಕ್ರಮವನ್ನು ಮತ್ತೆ ಕಟ್ಟಬೇಕಾಗಿಲ್ಲ.

ಹೊಸಬರು ಇಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಚಿತ್ರ ತೆರೆಯದೆ ಇದ್ದಾಗ. ಟಿಪಿಎಸ್ ಕಡತದಲ್ಲಿ ಇರುವುದು ಚಿತ್ರದ ಹೆಸರು ಮಾತ್ರ, ಚಿತ್ರವಲ್ಲ. ಪೆನ್‌ಡ್ರೈವಿನಲ್ಲಿ ಬರೀ ಕಡತವನ್ನು ಕಾಪಿ ಮಾಡಿಕೊಂಡು ಬಂದು ಬೇರೆ ಗಣಕದಲ್ಲಿ ತೆರೆದರೆ ತಂತ್ರಾಂಶಕ್ಕೆ ಚಿತ್ರ ಸಿಗುವುದಿಲ್ಲ. ಕಡತ ಮತ್ತು ಚಿತ್ರಗಳನ್ನು ಒಂದೇ ಫೋಲ್ಡರಿನಲ್ಲಿಟ್ಟು, ಚಿತ್ರಗಳಿಗೆ ಖಾಲಿ ಜಾಗವಿಲ್ಲದ ಚಿಕ್ಕ ಹೆಸರು ಕೊಟ್ಟರೆ ಈ ತೊಂದರೆ ಬಹುಮಟ್ಟಿಗೆ ತೀರುತ್ತದೆ.

ಇಮೇಜ್‌ಜೆಯ ಮಾತು ಬೇರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವೇಯ್ನ್ ರಾಸ್‌ಬ್ಯಾಂಡ್ ಆರಂಭಿಸಿದ ಈ ತಂತ್ರಾಂಶ ಸೂಕ್ಷ್ಮದರ್ಶಕ ಇರುವ ಪ್ರಯೋಗಾಲಯಗಳಲ್ಲೆಲ್ಲ ಮೊದಲೇ ಇರುತ್ತದೆ, ವಿದ್ಯಾರ್ಥಿಗಳಿಗೆ ಕೈಪಳಗಿರುತ್ತದೆ, ಬೆಳಕು ಸಾಲದ ಫೋಟೋವನ್ನು ಸರಿಮಾಡಿ ನರಗಳನ್ನು ಎದ್ದು ಕಾಣುವಂತೆ ಮಾಡುವುದರಲ್ಲಿ ಉಳಿದೆರಡೂ ಇದರ ಹತ್ತಿರ ಬರುವುದಿಲ್ಲ. ಆದರೆ ಇದನ್ನು ಲ್ಯಾಂಡ್‌ಮಾರ್ಕ್‌ಗಾಗಿ ಮಾಡಿದ್ದಲ್ಲ, ಮತ್ತು ಇದರ ತಪ್ಪುಗಳು ಸದ್ದು ಮಾಡುವುದಿಲ್ಲ.

ಅವುಗಳಲ್ಲಿ ದೊಡ್ಡದು ಕನ್ನಡಿ ಬಿಂಬದ ತೊಂದರೆ. ಟಿಪಿಎಸ್ ಕಡತದಲ್ಲಿ ಎತ್ತರವನ್ನು ಚಿತ್ರದ ಕೆಳಗಿನ ಎಡಮೂಲೆಯಿಂದ ಎಣಿಸುತ್ತಾರೆ. ಇಮೇಜ್‌ಜೆ ಮೇಲಿನ ಎಡಮೂಲೆಯಿಂದ ಕೆಳಕ್ಕೆ ಎಣಿಸುತ್ತದೆ. 3000 ಪಿಕ್ಸೆಲ್ ಎತ್ತರದ ಫೋಟೋದಲ್ಲಿ ಒಂದೇ ನರಸಂಧಿಗೆ ಅಲ್ಲಿ 2000 ಎಂದು ಬಂದರೆ ಇಲ್ಲಿ ಸುಮಾರು 1000 ಎಂದು ಬರುತ್ತದೆ. ಎಲ್ಲ ರೆಕ್ಕೆಗಳನ್ನೂ ಇಮೇಜ್‌ಜೆಯಲ್ಲೇ ಗುರುತಿಸಿದರೆ ಎಲ್ಲವೂ ಒಟ್ಟಿಗೆ ತಲೆಕೆಳಗಾಗುವುದರಿಂದ ಹಾನಿಯಿಲ್ಲ. ಗಂಗಾವತಿಯ ರೆಕ್ಕೆಗಳನ್ನು ಒಬ್ಬರು ಟಿಪಿಎಸ್‌ಡಿಗ್‌ನಲ್ಲಿ, ಸಿರುಗುಪ್ಪದ ರೆಕ್ಕೆಗಳನ್ನು ಇನ್ನೊಬ್ಬರು ಇಮೇಜ್‌ಜೆಯಲ್ಲಿ ಗುರುತಿಸಿ, ಎರಡನ್ನೂ ಒಂದೇ ಕಡತಕ್ಕೆ ಸೇರಿಸಿದಾಗ ಮಾತ್ರ ಅನಾಹುತ. ರೆಕ್ಕೆಗಳನ್ನು ಒಂದರ ಮೇಲೊಂದು ಕೂರಿಸುವ ಪ್ರೊಕ್ರಸ್ಟಿಸ್ ಹೊಂದಾಣಿಕೆಯು ಸ್ಥಾನ, ಗಾತ್ರ ಮತ್ತು ತಿರುವಿನ ವ್ಯತ್ಯಾಸಗಳನ್ನು ತೆಗೆದುಹಾಕುತ್ತದೆಯೇ ಹೊರತು ಕನ್ನಡಿ ಬಿಂಬವನ್ನು ಸಾಮಾನ್ಯವಾಗಿ ಮಗುಚುವುದಿಲ್ಲ. ಆಗ ಕೊನೆಯ ನಕ್ಷೆಯಲ್ಲಿ, ಆಕಾರದ ವ್ಯತ್ಯಾಸ ಅತಿ ಹೆಚ್ಚಿರುವ ದಿಕ್ಕಾದ ಮೊದಲ ಪ್ರಧಾನ ಘಟಕದ ಮೇಲೆ, ರೆಕ್ಕೆಗೊಂದರಂತೆ ಬೀಳುವ ಚುಕ್ಕೆಗಳು ಎರಡು ಗುಂಪಾಗಿ, ನಡುವೆ ಬಯಲಿಟ್ಟುಕೊಂಡು ದೂರ ದೂರ ಬಂದು ಕೂರುತ್ತವೆ. ಇಂಥ ನಕ್ಷೆಯನ್ನು ಹಿಡಿದು ‘ಸರ್, ಎರಡು ಊರಿನ ಜೇನು ಬೇರೆಯೇ ಬಂತು’ ಎಂದು ಹಿಗ್ಗಿ ಬರುವವರನ್ನು ನಿರಾಸೆಗೊಳಿಸುವುದು ಕಷ್ಟದ ಕೆಲಸ. ತುಂಗಭದ್ರೆಯ ಒಂದೇ ಬಯಲಿನಲ್ಲಿರುವ ಒಂದೇ ಜಾತಿಯ ಜೇನಿನಲ್ಲಿ ಅಷ್ಟು ಶುದ್ಧವಾಗಿ ಸೀಳಿದ ಎರಡು ಗುಂಪು ಬಂದರೆ ಮೊದಲು ಸಂಶಯಪಡಬೇಕಾದದ್ದು ಜೇನನ್ನಲ್ಲ, ಕಡತವನ್ನು.

ಪರಿಹಾರ ಇಮೇಜ್‌ಜೆಯಲ್ಲೇ ಇದೆ. ‘ಸೆಟ್ ಮೆಷರ್‌ಮೆಂಟ್ಸ್’ ಎಂಬಲ್ಲಿ ಎತ್ತರದ ನಿರ್ದೇಶಾಂಕವನ್ನು ಮಗುಚುವ ಆಯ್ಕೆಗೆ ಗುರುತು ಹಾಕಿದರೆ ಕೆಳಗಿನಿಂದಲೇ ಎಣಿಕೆ ಬರುತ್ತದೆ. ಈಗಾಗಲೇ ಬಂದುಬಿಟ್ಟ ಸಂಖ್ಯೆಗಳಿದ್ದರೆ ಜಿಯೋಮಾರ್ಫ್‌ನಲ್ಲಿ ನಿರ್ದೇಶಾಂಕಗಳನ್ನು ಮಗುಚುವ ಪ್ರತ್ಯೇಕ ಫಂಕ್ಷನ್ ಇದೆ. ಆದರೆ ಮಗುಚುವ ಮೊದಲು ಎಡ ರೆಕ್ಕೆ, ಬಲ ರೆಕ್ಕೆ ಬೆರೆತಿಲ್ಲವೆಂದು ಸ್ಲೈಡಿನ ಚೀಟಿ ನೋಡಿ ಖಚಿತಪಡಿಸಿಕೊಳ್ಳಬೇಕು. ಎಡ ರೆಕ್ಕೆಯೂ ಬಲ ರೆಕ್ಕೆಯ ಕನ್ನಡಿ ಬಿಂಬವೇ ಆದ್ದರಿಂದ ನಕ್ಷೆಯಲ್ಲಿ ಎರಡೂ ಕಾರಣಗಳು ಒಂದೇ ಮುಖ ತೋರಿಸುತ್ತವೆ.

ಇಮೇಜ್‌ಜೆಯ ಎರಡನೆಯ ಮೌನದ ತಪ್ಪು ಸ್ಕೇಲಿನದು. ಅಲ್ಲಿ ಒಂದು ಚಿತ್ರಕ್ಕೆ ಸ್ಕೇಲ್ ಹಾಕುವಾಗ ‘ಗ್ಲೋಬಲ್’ ಎಂಬ ಚೌಕಕ್ಕೆ ಗುರುತು ಹಾಕಿದರೆ ಆಮೇಲೆ ತೆರೆಯುವ ಎಲ್ಲ ಚಿತ್ರಗಳಿಗೂ ಅದೇ ಅನ್ವಯಿಸುತ್ತದೆ. ಹೆಜ್ಜೇನಿನ ರೆಕ್ಕೆ ಕೋಲುಜೇನಿನದಕ್ಕಿಂತ ಸುಮಾರು ಎರಡರಷ್ಟು ಉದ್ದವಿರುವುದರಿಂದ ಸೂಕ್ಷ್ಮದರ್ಶಕದ ವರ್ಧನೆಯನ್ನು ಬದಲಾಯಿಸಲೇಬೇಕಾಗುತ್ತದೆ. ಹಳೆಯ ಸ್ಕೇಲ್ ಹಾಗೆಯೇ ಮುಂದುವರಿದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಇನ್ನು ಬಿಟ್ಟುಹೋದ ಐದನೆಯ ಬಿಂದುವನ್ನು ನೆನಪಾದಾಗ ಒತ್ತಿದರೆ ಅದು ಪಟ್ಟಿಯ ಕೊನೆಗೆ ಹೋಗಿ 19ನೆಯದಾಗಿ ಕೂರುತ್ತದೆ. ಆರರಿಂದ ಮುಂದಿನವೆಲ್ಲ ಒಂದೊಂದು ಮನೆ ಹಿಂದೆ ಸರಿದಿರುತ್ತವೆ, ಒಟ್ಟು ಎಣಿಕೆ ಮಾತ್ರ ಸರಿಯಾಗಿ 19 ಇರುತ್ತದೆ.

ಈ ತಪ್ಪುಗಳನ್ನು ಬೇರ್ಪಡಿಸಲು ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಸೆಂಟ್ರಾಯ್ಡ್ ಸೈಜ್. ಎಲ್ಲ ಬಿಂದುಗಳ ನಡುಬಿಂದುವಿನಿಂದ ಪ್ರತಿ ಬಿಂದುವಿಗೆ ಇರುವ ದೂರಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಅದು ಸಿಗುತ್ತದೆ. ಸ್ಕೇಲ್ ಕೆಟ್ಟಿದ್ದರೆ ಅದು ಹಾರಿಬೀಳುತ್ತದೆ, ಆಕಾರಕ್ಕೆ ಏನೂ ಆಗಿರುವುದಿಲ್ಲ. ಕನ್ನಡಿ ಬಿಂಬವಾಗಿದ್ದರೆ ಅಥವಾ ಬಿಂದುಗಳ ಕ್ರಮ ತಪ್ಪಿದ್ದರೆ ಸೆಂಟ್ರಾಯ್ಡ್ ಸೈಜ್ ಕೂದಲೆಳೆಯಷ್ಟೂ ಅಲುಗುವುದಿಲ್ಲ, ಆಕಾರ ಮಾತ್ರ ದಿಕ್ಕು ತಪ್ಪುತ್ತದೆ. ಹಾಗಾಗಿ ಯಾವ ತಂತ್ರಾಂಶದಿಂದ ಬಂದ ಕಡತವೇ ಆಗಲಿ, ವಿಶ್ಲೇಷಣೆಗೆ ಮೊದಲು ಗಾತ್ರ, ಆಕಾರ ಎರಡನ್ನೂ ಬೇರೆ ಬೇರೆಯಾಗಿ ಬಿಡಿಸಿ ನೋಡುವುದನ್ನು ನಮ್ಮಲ್ಲಿ ಕಡ್ಡಾಯ ಮಾಡಿದ್ದೇವೆ.

ವಾಟ್ಸ್ಆ್ಯಪ್ ಫೋಟೋಗಳು ಸಿಕ್ಕಿಬಿದ್ದದ್ದೂ ಹೀಗೆಯೇ. ಹೊರಗಿನಿಂದ ಬಂದ ಕೆಲವು ರೆಕ್ಕೆಗಳ ಸೆಂಟ್ರಾಯ್ಡ್ ಸೈಜ್ ಉಳಿದವುಗಳ ಅರ್ಧಕ್ಕಿಂತ ಕಡಿಮೆಯಿತ್ತು, ಆಕಾರ ಮಾತ್ರ ನೆಟ್ಟಗಿತ್ತು. ಫೋಟೋವನ್ನು ಮಾಮೂಲಿಯಾಗಿ ಕಳಿಸಿದರೆ ವಾಟ್ಸ್ಆ್ಯಪ್ ಅದನ್ನು ಕುಗ್ಗಿಸುತ್ತದೆ. 4000 ಪಿಕ್ಸೆಲ್ ಅಗಲದ್ದು 1600ಕ್ಕೆ ಇಳಿದರೆ, ಮೂಲ ಫೋಟೋಗೆಂದು ಲೆಕ್ಕಹಾಕಿಟ್ಟ ಸ್ಕೇಲಿನಲ್ಲಿ ರೆಕ್ಕೆ ನೂರಕ್ಕೆ ನಲವತ್ತರಷ್ಟೇ ಬರುತ್ತದೆ. ನರಗಳ ಅಂಚೂ ಮಸುಕಾಗುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಫೋಟೋ ಇದ್ದಂತೆಯೇ ತಲುಪುತ್ತದೆ. ಇದಕ್ಕೆ ಮೂರು ತಂತ್ರಾಂಶಗಳಲ್ಲಿ ಯಾವುದನ್ನೂ ದೂರುವಂತಿಲ್ಲ.

ಜಿಯೋಮಾರ್ಫ್ ಅನ್ನು ಡೀನ್ ಆಡಮ್ಸ್ ಮತ್ತು ಸಂಗಡಿಗರು ಬೆಳೆಸಿದ್ದಾರೆ. ಬಿಂದು ಇಡುವುದಕ್ಕೂ ಅದರಲ್ಲಿ ಒಂದು ಫಂಕ್ಷನ್ ಇದೆ. ಅದು ಜೆಪೆಗ್ ಚಿತ್ರಗಳನ್ನು ಮಾತ್ರ ಒಪ್ಪುತ್ತದೆ, ಚಿತ್ರವನ್ನು ಹಿಗ್ಗಿಸಿ ನೋಡಲು ಬರುವುದಿಲ್ಲ, ಮತ್ತು ಆರ್ ಬರೆಯಲು ಬಳಸುವ ಆರ್‌ಸ್ಟುಡಿಯೋದ ಮೂಲೆಯಲ್ಲಿರುವ ಪುಟ್ಟ ಕಿಟಕಿಯಲ್ಲಿ ಕೆಲಸ ಮಾಡಹೊರಟರೆ ಕಣ್ಣಿಗೂ ಕೈಗೂ ಶಿಕ್ಷೆ. ಪ್ರತ್ಯೇಕ ಕಿಟಕಿ ತೆರೆದುಕೊಳ್ಳುವುದೇ ಒಳ್ಳೆಯದು. ಪ್ರತಿ ಬಿಂದುವಾದ ಮೇಲೂ ಇಟ್ಟುಕೊಳ್ಳಬೇಕೇ, ಬಿಡಬೇಕೇ ಎಂದು ಕೇಳುವ ವ್ಯವಸ್ಥೆ ಎಚ್ಚರಿಕೆಯವರಿಗೆ ಹಿತ, ಅವಸರದವರಿಗೆ ಕಿರಿಕಿರಿ. ಆದರೆ ಇದರ ಒಂದು ಗುಣವನ್ನು ಮೆಚ್ಚಲೇಬೇಕು. ಕೆಲಸ ನಡುವೆ ನಿಂತರೆ ಅದೇ ಕಡತದ ಹೆಸರು ಕೊಟ್ಟು ಮತ್ತೆ ಶುರುಮಾಡಿದಾಗ ನಿಂತಲ್ಲಿಂದಲೇ ಮುಂದುವರಿಯಬಹುದು. ಟಿಪಿಎಸ್‌ಡಿಗ್‌ನಲ್ಲಿ ಸೇವ್ ಮಾಡುವ ಹೊಣೆ ನಮ್ಮದೇ. ರಾಯಚೂರಿನ ಏಪ್ರಿಲ್ ಮಧ್ಯಾಹ್ನ, ಯುಪಿಎಸ್ ಇಲ್ಲದ ಗಣಕದ ಮುಂದೆ ಕುಳಿತವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಮಟ್ಟಿಗೆ ಜಿಯೋಮಾರ್ಫ್‌ನ ನಿಜವಾದ ಬೆಲೆ ಬಿಂದು ಇಡುವುದರಲ್ಲಿಲ್ಲ, ಬೇರೆ ಕಡೆ ಇಟ್ಟ ಬಿಂದುಗಳನ್ನು ಪರೀಕ್ಷಿಸುವುದರಲ್ಲಿದೆ. ಗುಂಪಿನಿಂದ ದೂರ ಸರಿದ ರೆಕ್ಕೆಗಳನ್ನು ಅದು ಸಾಲಾಗಿ ತೋರಿಸುತ್ತದೆ. ಬಿಂದುಗಳ ಕ್ರಮ ತಪ್ಪಿದ ರೆಕ್ಕೆ ಸಾಮಾನ್ಯವಾಗಿ ಆ ಸಾಲಿನ ತಲೆಯಲ್ಲೇ ಇರುತ್ತದೆ. ಮ್ಯಾಂಚೆಸ್ಟರಿನ ಕ್ಲಿಂಗನ್‌ಬರ್ಗ್ ಅವರ ಮಾರ್ಫೋಜೆ ತಂತ್ರಾಂಶವೂ ಇದೇ ಕೆಲಸ ಮಾಡುತ್ತದೆ, ಅದಲುಬದಲಾದ ಎರಡು ಬಿಂದುಗಳನ್ನು ಅಲ್ಲೇ ಬದಲಿಸಲು ಬಿಡುತ್ತದೆ. ಆರ್ ಎಂದರೆ ದೂರ ಸರಿಯುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ರೆಕ್ಕೆಯ ತುದಿ ಹರಿದು ಒಂದೆರಡು ಬಿಂದು ಇಲ್ಲವಾದರೆ ಮಾರ್ಫೋಜೆ ಆ ಮಾದರಿಯನ್ನು ಒಪ್ಪುವುದಿಲ್ಲ. ಜಿಯೋಮಾರ್ಫ್‌ನಲ್ಲಿ ಋಣ ಸಂಖ್ಯೆಗಳನ್ನು ಇಲ್ಲದ ಬಿಂದುಗಳೆಂದು ಓದಿಸಿ, ಆಮೇಲೆ ಉಳಿದ ರೆಕ್ಕೆಗಳ ಆಧಾರದಲ್ಲಿ ಅಂದಾಜು ಮಾಡಿಸಬಹುದು. ಬಳ್ಳಾರಿ ಜಾಲಿಯ ಮುಳ್ಳುಗಳ ನಡುವೆ ಗೂಡು ಕಟ್ಟುವ ಕೋಲುಜೇನಿನಲ್ಲಿ ಅಂಚು ಹರಿದ ರೆಕ್ಕೆ ನಮಗೆ ಅಪರೂಪವಲ್ಲ.

ಹೀಗಾಗಿ ನಾವು ಈಗ ಇಮೇಜ್‌ಜೆಯನ್ನು ಫೋಟೋದ ಬೆಳಕು ಸರಿಮಾಡಲು ಮಾತ್ರ ಇಟ್ಟುಕೊಂಡು, ಬಿಂದುಗಳನ್ನು ಟಿಪಿಎಸ್‌ಡಿಗ್‌ನಲ್ಲಿ ಇಟ್ಟು, ಜಿಯೋಮಾರ್ಫ್‌ನಲ್ಲಿ ಪರೀಕ್ಷಿಸುತ್ತೇವೆ. ಗುರುತಿಸುವ ಮೊದಲು ರೋಲ್ಫ್ ಅವರದೇ ಟಿಪಿಎಸ್‌ಯುಟಿಲ್ ಎಂಬ ಜೊತೆ ತಂತ್ರಾಂಶದಲ್ಲಿ ಮಾದರಿಗಳ ಕ್ರಮವನ್ನು ಕಲಸಿಬಿಡುತ್ತೇವೆ, ಇಲ್ಲದಿದ್ದರೆ ದಿನ ಕಳೆದಂತೆ ಕೈ ಬದಲಾಗುವುದು ಊರಿನ ವ್ಯತ್ಯಾಸವೆಂಬಂತೆ ಕಾಣುತ್ತದೆ. ಕೈ ಬದಲಾಗುವುದು ಎಂದರೆ ಇಷ್ಟೇ: ಎರಡು ನರಗಳು ಕೂಡುವಲ್ಲಿ ಗೆರೆ ದಪ್ಪಗಾಗಿ ಒಂದು ಕಂದು ಮಚ್ಚೆಯಂತಾಗಿರುತ್ತದೆ, ಒಬ್ಬರು ಅದರ ನಡುವೆ ಒತ್ತುತ್ತಾರೆ, ಇನ್ನೊಬ್ಬರು ಕೋಶದ ಒಳಮೂಲೆಯಲ್ಲಿ ಒತ್ತುತ್ತಾರೆ, ಇಬ್ಬರೂ ತಮ್ಮದೇ ಸರಿ ಎನ್ನುತ್ತಾರೆ. ಇದನ್ನು ಯಾವ ತಂತ್ರಾಂಶವೂ ಹಿಡಿಯಲಾರದು. ಪ್ರತಿ ಬಿಂದುವನ್ನೂ ಹಿಗ್ಗಿಸಿ ಗುರುತು ಹಾಕಿದ ಒಂದು ಮುದ್ರಿತ ಚಿತ್ರವನ್ನು ಗಣಕದ ಪಕ್ಕದಲ್ಲಿ ಅಂಟಿಸಿ, ಕೆಲವು ರೆಕ್ಕೆಗಳನ್ನು ಒಂದೆರಡು ವಾರ ಬಿಟ್ಟು ಮತ್ತೆ ಗುರುತಿಸಿ, ಎರಡು ಸಲದ ನಡುವಿನ ಅಂತರವು ರೆಕ್ಕೆ ರೆಕ್ಕೆಗಳ ನಡುವಿನ ಅಂತರಕ್ಕಿಂತ ಎಷ್ಟು ಚಿಕ್ಕದಿದೆ ಎಂಬುದನ್ನು ಪ್ರೊಕ್ರಸ್ಟಿಸ್ ಅನೋವಾ ಎಂಬ ವ್ಯತ್ಯಾಸ ವಿಶ್ಲೇಷಣೆಯಲ್ಲಿ ನೋಡಿದ ಮೇಲೆಯೇ ಮೂರು ತಾಲ್ಲೂಕುಗಳ ಹೋಲಿಕೆಗೆ ಕೈಹಾಕುತ್ತೇವೆ.