ಸಾದಾ ಪೆಟ್ರೋಲೋ, ಪ್ರೀಮಿಯಮ್ಮೋ? ಎರಡನ್ನೂ ಹಾಕಿಸಿ ನೋಡಿದ ಮೇಲೆ

ನನ್ನ ಬೈಕಿಗೆ ಸಾದಾ ಪೆಟ್ರೋಲೇ ಸಾಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಸುಮ್ನೆ ಕೊನೆಯವರೆಗೂ ಕಾಯಿಸುವುದು ಬೇಡ. ಕೆಲವು ತಿಂಗಳು ಬರೀ ಪ್ರೀಮಿಯಂ ಹಾಕಿಸಿದೆ, ಆಮೇಲೆ ಕೆಲವು ತಿಂಗಳು ಬರೀ ಸಾದಾ. ದಾರಿಯೂ ಅದೇ, ಓಡಿಸಿದವನೂ ನಾನೇ. ಜಾಸ್ತಿ ಕೊಟ್ಟ ದುಡ್ಡಿಗೆ ಕೈಗೆ ಬಂದಿದ್ದು ಏನೂ ಇಲ್ಲ. ಆದರೆ ನನ್ನ ಗೆಳೆಯನ ಬೈಕಿಗೆ ಈ ಮಾತು ಹೇಳುವ ಹಾಗಿಲ್ಲ. ಸಾದಾ ಹಾಕಿಸಿದರೆ ಅವನ ಬೈಕು ಏರಿನಲ್ಲಿ ತಕರಾರು ತೆಗೆಯುತ್ತದೆ. ಹಾಗಾಗಿ ಎರಡೂ ಬೈಕುಗಳ ಬಗ್ಗೆ ಹೇಳಬೇಕು.

ನನ್ನದು ಏರ್‌ಕೂಲ್ಡ್ ಸಿಂಗಲ್ ಸಿಲಿಂಡರ್. ಕಂಪ್ರೆಷನ್ ರೇಷಿಯೋ, ಅಂದರೆ ಸಿಲಿಂಡರಿನ ಒಳಗೆ ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು, 9.5:1. ಕನಿಷ್ಠ 91 ಆಕ್ಟೇನ್ ಇರಲಿ ಅಂತ ಮ್ಯಾನ್ಯುಯಲ್‌ನಲ್ಲಿದೆ. ಅವನದು ಲಿಕ್ವಿಡ್‌ಕೂಲ್ಡ್, ಕಂಪ್ರೆಷನ್ 12.5:1. ಅದಕ್ಕೆ 95 ಬೇಕು ಅಂತ ಟ್ಯಾಂಕಿನ ಮುಚ್ಚಳದ ಪಕ್ಕದಲ್ಲೇ ಸ್ಟಿಕ್ಕರ್ ಅಂಟಿಸಿದ್ದಾರೆ. ಉಳಿದ ವಿವರ ಈ ಲೆಕ್ಕಕ್ಕೆ ಬೇಕಾಗಿಲ್ಲ.

ಆಕ್ಟೇನ್ ಅಂದರೆ ಪೆಟ್ರೋಲಿನಲ್ಲಿರುವ ಶಕ್ತಿ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಒತ್ತಡ, ಬಿಸಿ ಎರಡೂ ಏರಿದಾಗ ಪೆಟ್ರೋಲು ತಾನಾಗಿಯೇ ಹೊತ್ತಿಕೊಳ್ಳದೆ ಎಷ್ಟು ತಾಳುತ್ತದೆ ಅನ್ನುವುದರ ಅಳತೆ ಅದು. ಅಳತೆಗೋಲಾಗಿ ಎರಡು ದ್ರವ: ಐಸೋಆಕ್ಟೇನ್‌ಗೆ 100 ಅಂಕ, ಹೆಪ್ಟೇನ್‌ಗೆ ಸೊನ್ನೆ. 95 ಪಾಲು ಐಸೋಆಕ್ಟೇನ್‌ಗೆ 5 ಪಾಲು ಹೆಪ್ಟೇನ್ ಬೆರೆಸಿದರೆ ಆ ಮಿಶ್ರಣ ಎಷ್ಟು ತಾಳುತ್ತದೋ, 95 ಅಂತ ಬರೆದಿರುವ ಪೆಟ್ರೋಲೂ ಅಷ್ಟೇ ತಾಳುತ್ತದೆ. ಇದನ್ನು ಅಳೆಯುವ ಇಂಜಿನ್ ಕೂಡ ಸಿಂಗಲ್ ಸಿಲಿಂಡರೇ. ಓಡುತ್ತಿರುವಾಗಲೇ ಅದರ ಕಂಪ್ರೆಷನ್ ಏರಿಸಬಹುದು, ಇಳಿಸಬಹುದು.

ಅಂಕಕ್ಕೂ ಶಕ್ತಿಗೂ ಸಂಬಂಧ ಇಲ್ಲ ಅನ್ನುವುದಕ್ಕೆ ಎಥನಾಲ್ ನೋಡಿ. ಅದರ ಆಕ್ಟೇನ್ 100ಕ್ಕೂ ಮೇಲೆ. ಆದರೆ ಒಂದು ಲೀಟರ್ ಎಥನಾಲ್ ಸುಟ್ಟರೆ ಸಿಗುವ ಶಕ್ತಿ ಒಂದು ಲೀಟರ್ ಪೆಟ್ರೋಲಿನದಕ್ಕಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಪೆಟ್ರೋಲಿಗೆ 10% ಎಥನಾಲ್ ಬೆರೆಸಿದರೆ ಆಕ್ಟೇನ್ ಏರುತ್ತದೆ, ಮೈಲೇಜ್ ಸುಮಾರು 3% ಇಳಿಯುತ್ತದೆ. ಅಂಕ ನೋಡಿ ಮೈಲೇಜ್ ಲೆಕ್ಕ ಹಾಕುವವರು ಇದನ್ನೊಂದು ನೆನಪಿಟ್ಟುಕೊಳ್ಳಬೇಕು.

ಬೇರೆ ದೇಶದವರ ವಿಡಿಯೋ ನೋಡಿ ತೀರ್ಮಾನಕ್ಕೆ ಬರುವವರಿಗೂ ಒಂದು ಮಾತು. ಅಮೆರಿಕದ ಪಂಪ್‌ಗಳ ಮೇಲೆ ಬರೆಯುವುದು ನಾವು ಬಳಸುವ ಆರ್‌ಒಎನ್ ಅನ್ನುವ ಆಕ್ಟೇನ್ ಅಂಕ ಅಲ್ಲ, ಎಕೆಐ ಅನ್ನುವ ಬೇರೆ ಅಳತೆಯ ಅಂಕ. ಅದು ಆರ್‌ಒಎನ್‌ಗಿಂತ ಸಾಮಾನ್ಯವಾಗಿ 4-5 ಅಂಕ ಕಡಿಮೆ ಇರುತ್ತದೆ. ಅಲ್ಲಿಯ 87 ಹೆಚ್ಚುಕಮ್ಮಿ ನಮ್ಮ ಲೆಕ್ಕದ 91. ಅಷ್ಟೇ, ಅವರದೇನೂ ಕಳಪೆ ಪೆಟ್ರೋಲಲ್ಲ.

ಈಗ ಗೆಳೆಯನ ಬೈಕಿನ ತಕರಾರು. ಅವನು ಸಾದಾ 91 ಹಾಕಿಸಿದ್ದಾಗ ನಾನು ಹಿಂದೆ ಕೂತಿದ್ದೆ. ಏರು ಶುರುವಾಯಿತು. ಗೇರ್ ಇಳಿಸುವ ಬದಲು ಅವನು ಥ್ರಾಟಲ್ ತಿರುಗಿಸಿದ. ಡಬ್ಬಿಯಲ್ಲಿ ಸಣ್ಣ ಮೊಳೆಗಳನ್ನು ಹಾಕಿ ಅಲ್ಲಾಡಿಸಿದ ಹಾಗೆ ಕೆಳಗಿನಿಂದ ಸದ್ದು ಬಂತು. ಥ್ರಾಟಲ್ ಸ್ವಲ್ಪ ಬಿಟ್ಟರೆ ಸದ್ದಿಲ್ಲ, ಮತ್ತೆ ತಿರುಗಿಸಿದರೆ ಮತ್ತೆ ಅದೇ. ಗೇರ್ ಇಳಿಸಿದ ಮೇಲೆ ಪೂರ್ತಿ ನಿಂತಿತು. ಇದೇ ನಾಕಿಂಗ್. ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಬೆಂಕಿ ಸಿಲಿಂಡರಿನ ಅಂಚಿಗೆ ಹರಡುತ್ತಾ ಹೋಗಬೇಕು. ಅದು ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡಕ್ಕೂ ಬಿಸಿಗೂ ತಾನೇ ಸಿಡಿದರೆ ಈ ಸದ್ದು ಬರುತ್ತದೆ. ಒಂದೆರಡು ಸಲ ಆದರೆ ಏನೂ ಆಗುವುದಿಲ್ಲ. ದಿನವೂ ಹೀಗೇ ಓಡಿಸಿದರೆ ಪಿಸ್ಟನ್ನಿನ ಅಂಚು ತಿಂದುಹೋಗುತ್ತದೆ.

ಮುಂದೆ 95 ಹಾಕಿಸಿ ಅದೇ ಏರನ್ನು ಹತ್ತಿಸಿದೆವು. ಅದೇ ಗೇರ್, ಅದೇ ಭಾರ. ಸದ್ದು ಇಲ್ಲ. ಅವನ ಮಟ್ಟಿಗೆ ಹೋಲಿಕೆ ಅಲ್ಲಿಗೇ ಮುಗಿಯಿತು. ಈಗಿನ ಕಾರುಗಳಲ್ಲಿ ನಾಕ್ ಸೆನ್ಸರ್ ಇರುತ್ತದೆ. ಸದ್ದು ಶುರುವಾಗುವಾಗಲೇ ಅದು ಗುರುತಿಸುತ್ತದೆ, ಕಿಡಿ ಸ್ವಲ್ಪ ತಡವಾಗಿ ಬೀಳುತ್ತದೆ. ಎಷ್ಟೋ ಬೈಕುಗಳಲ್ಲಿ ಅದಿಲ್ಲ. ಅಲ್ಲಿ ಕಿವಿಯನ್ನೇ ನಂಬಬೇಕು, ಹೆಲ್ಮೆಟ್ ಒಳಗಿನಿಂದ.

ಅದೇ ಏರನ್ನು ನನ್ನ ಬೈಕಿನಲ್ಲಿ ಎರಡೂ ಪೆಟ್ರೋಲಿನಲ್ಲಿ ಹತ್ತಿದ್ದೇನೆ. ಬೇಕಂತಲೇ ಮೇಲಿನ ಗೇರಿನಲ್ಲಿ, ಇಂಜಿನ್ ಉಸಿರು ಕಟ್ಟುವ ಹಾಗೆ. ಎರಡರಲ್ಲೂ ನಾಕಿಂಗ್ ಇಲ್ಲ. 91ರಲ್ಲಿ ಇಲ್ಲದ ತೊಂದರೆಯನ್ನು 95 ಹೇಗೆ ಸರಿಮಾಡುತ್ತದೆ? ಅಂದ ಹಾಗೆ, ಮೊದಲು ಸುಮ್ಮನಿದ್ದ 9.5ರ ಬೈಕು ಈಗ ನಾಕ್ ಮಾಡಲು ಶುರುಮಾಡಿದ್ದರೆ ಪ್ರೀಮಿಯಂ ಹಾಕಿಸಿ ಮರೆಯಬೇಡಿ. ಒಳಗೆ ಕಾರ್ಬನ್ ಕಟ್ಟಿರಬಹುದು, ಇಂಜಿನ್ ಜಾಸ್ತಿ ಬಿಸಿಯಾಗುತ್ತಿರಬಹುದು. ಪ್ರೀಮಿಯಂ ಸದ್ದನ್ನು ಅಡಗಿಸುತ್ತದೆ, ಕಾಯಿಲೆ ಒಳಗೇ ಇರುತ್ತದೆ.

ಇನ್ನು ನನ್ನ ತಲೆ ತಿಂದ ವಿಷಯ: ಮೈಲೇಜ್ ಅಳೆಯುವುದು.

"ಪ್ರೀಮಿಯಂ ಹಾಕಿಸಿದ ಮೇಲೆ ಎರಡು ಕಿಲೋಮೀಟರ್ ಜಾಸ್ತಿ ಬರ್ತಿದೆ" ಅಂತ ಹೇಳುವವರು ಎಲ್ಲೆಡೆ ಇದ್ದಾರೆ. ನನಗೂ ಮೊದಲ ಟ್ಯಾಂಕಿನಲ್ಲೇ ಎರಡು ಜಾಸ್ತಿ ಬಂತು. ಖುಷಿಯೂ ಆಯಿತು. ಮುಂದಿನ ಟ್ಯಾಂಕಿನಲ್ಲಿ ಸಾದಾಗಿಂತಲೂ ಕಡಿಮೆ ಬಂತು. ಆಗ ಅನುಮಾನ ಶುರುವಾಯಿತು. ಪೆಟ್ರೋಲಿನ ಮೇಲಲ್ಲ, ಟ್ಯಾಂಕ್ ತುಂಬಿಸುವ ರೀತಿಯ ಮೇಲೆ.

ಬೈಕಿನ ಟ್ಯಾಂಕ್ ಹೊರಗಿನಿಂದ ಕಾಣುವ ಹಾಗಿರುವುದಿಲ್ಲ. ಚಾಸಿಯ ಪೈಪು ಹಾದುಹೋಗಲು ಅಡಿಯಲ್ಲಿ ಉದ್ದಕ್ಕೂ ಒಂದು ಕಾಲುವೆ ಇರುತ್ತದೆ. ಅದರ ಎಡಕ್ಕೂ ಬಲಕ್ಕೂ ಪೆಟ್ರೋಲು ಇಳಿದಿರುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿದರೆ ಬೈಕು ಎಡಕ್ಕೆ ವಾಲುತ್ತದೆ. ಪೆಟ್ರೋಲು ಬಾಯಿಯ ಅಂಚಿಗೆ ಬಂದು ನಿಂತರೂ ಬಲಗಡೆ ಮೇಲ್ಭಾಗದಲ್ಲಿ ಗಾಳಿ ಉಳಿದಿರುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ ನೆಟ್ಟಗೆ ನಿಲ್ಲಿಸಿದರೆ ಆ ಜಾಗವೂ ತುಂಬುತ್ತದೆ. ನನ್ನ ಬೈಕಿನಲ್ಲಿ ಈ ವ್ಯತ್ಯಾಸ ಸುಮಾರು 300 ಮಿಲಿಲೀಟರ್.

ಇದೇನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. 270 ಕಿಲೋಮೀಟರ್ ಓಡಿಸಿ ಟ್ಯಾಂಕ್ ಮತ್ತೆ ತುಂಬಿಸಲು 6 ಲೀಟರ್ ಹಿಡಿದರೆ ಮೈಲೇಜ್ 45. ಅದೇ ದೂರಕ್ಕೆ, ಈ ಸಲ ಬೈಕು ಸೈಡ್ ಸ್ಟ್ಯಾಂಡ್ ಮೇಲಿತ್ತು ಅಂತ 5.7 ಲೀಟರ್ ಮಾತ್ರ ಹಿಡಿದರೆ ಮೈಲೇಜ್ 47ಕ್ಕೂ ಮೇಲೆ! ಪ್ರೀಮಿಯಮ್ಮಿನ ಎರಡು ಕಿಲೋಮೀಟರ್ ಇಲ್ಲೇ ಸಿಕ್ಕಿತಲ್ವಾ?

ಇದರ ಜೊತೆಗೆ ನಾಝಲ್. ಅದರ ತುದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಪೆಟ್ರೋಲು ಅದನ್ನು ಮುಚ್ಚಿದ ಕೂಡಲೇ ನಾಝಲ್ ಟಕ್ ಅಂತ ನಿಲ್ಲುತ್ತದೆ. ಜೋರಾಗಿ ಬಿಟ್ಟರೆ ನೊರೆ ಎದ್ದು ಬೇಗ ನಿಲ್ಲುತ್ತದೆ, ಮೆಲ್ಲಗೆ ಬಿಟ್ಟರೆ ಇನ್ನೊಂದಿಷ್ಟು ಹಿಡಿಯುತ್ತದೆ. ಬಿಸಿಲೂ ಇದೆ. ಪೆಟ್ರೋಲು ಪ್ರತಿ 10 ಡಿಗ್ರಿಗೆ ಸುಮಾರು 1% ಹಿಗ್ಗುತ್ತದೆ. ಟಯರಿನ ಗಾಳಿ, ಚೈನಿನ ಎಣ್ಣೆ, ಟ್ರಾಫಿಕ್ಕು ಇದ್ದೇ ಇವೆ. ಎಲ್ಲಕ್ಕಿಂತ ದೊಡ್ಡದು ನಮ್ಮ ಬಲಗೈ. ದುಬಾರಿ ಪೆಟ್ರೋಲು ಹಾಕಿಸಿದ ಮೇಲೆ ಅದು ತಾನಾಗಿಯೇ ಹದ್ದುಬಸ್ತಿಗೆ ಬರುತ್ತದೆ. ಆಗ ಬಂದ ಮೈಲೇಜ್ ಕೈಯದು, ಪೆಟ್ರೋಲಿನದಲ್ಲ.

ಆಮೇಲೆ ನಾನು ಹೀಗೆ ಮಾಡಿದೆ. ಯಾವಾಗಲೂ ಸೆಂಟರ್ ಸ್ಟ್ಯಾಂಡ್, ಅದೇ ಪಂಪು, ನಾಝಲ್ ಮೊದಲ ಸಲ ನಿಂತಾಗ ಸಾಕು ಅನ್ನುವುದು. ಒಂದೊಂದು ಟ್ಯಾಂಕಿಗೆ ಬೇರೆ ಮೈಲೇಜ್ ತೆಗೆಯಲಿಲ್ಲ. ಒಂದೇ ಬಗೆಯ ಪೆಟ್ರೋಲಿನ ಹಲವು ಟ್ಯಾಂಕುಗಳ ಕಿಲೋಮೀಟರ್ ಎಲ್ಲಾ ಕೂಡಿ, ಲೀಟರ್ ಎಲ್ಲಾ ಕೂಡಿ, ಆಮೇಲೆ ಭಾಗಿಸಿದೆ. ನಡುವಿನ ಟ್ಯಾಂಕುಗಳಲ್ಲಿ ಹೆಚ್ಚುಕಮ್ಮಿ ತುಂಬಿದ್ದು ಒಂದಕ್ಕೊಂದು ಸರಿಹೋಗುತ್ತದೆ, ತಪ್ಪು ಉಳಿಯುವುದು ಮೊದಲ ಮತ್ತು ಕೊನೆಯ ತುಂಬಿಸುವಿಕೆಯಲ್ಲಿ ಮಾತ್ರ. 30 ಲೀಟರಿನ ಲೆಕ್ಕದಲ್ಲಿ 300 ಮಿಲಿಲೀಟರ್ ತಪ್ಪಿದರೂ ಅದು 1% ಅಷ್ಟೇ. ಹೀಗೆ ಅಳೆದಾಗ ಎರಡರ ನಡುವಿನ ಅಂತರ ಲೀಟರಿಗೆ ಒಂದು ಕಿಲೋಮೀಟರನ್ನೂ ದಾಟಲಿಲ್ಲ.

ದುಡ್ಡಿನ ವಿಚಾರ ಇಷ್ಟೇ. ಪ್ರೀಮಿಯಂಗೆ 10% ಜಾಸ್ತಿ ಕೊಡುತ್ತಿದ್ದರೆ ಮೈಲೇಜೂ 10% ಏರಬೇಕು. 45 ಕೊಡುವ ಬೈಕು 49.5 ಕೊಡಬೇಕು. ನನ್ನ ಬೈಕು ಅದರ ಹತ್ತಿರಕ್ಕೂ ಬರಲಿಲ್ಲ.

ಪಿಕಪ್: ವ್ಯತ್ಯಾಸ ಕಾಣಲಿಲ್ಲ. ಬೆಳಗ್ಗೆ ಸ್ಟಾರ್ಟ್ ಆಗುವುದು: ಎರಡರಲ್ಲೂ ಒಂದೇ. ಇಂಜಿನ್ ನುಣುಪಾಗಿದೆ ಅಂತ ಒಮ್ಮೆ ಅನ್ನಿಸಿತು, ಆದರೆ ಆ ವಾರವೇ ಆಯಿಲ್ ಬದಲಿಸಿದ್ದೆ.

ಪ್ರೀಮಿಯಂ ಪರವಾಗಿ ಹೇಳಬೇಕಾದ ಒಂದು ಮಾತಿದೆ. ಈ ಹೆಸರಿನಲ್ಲಿ ಎರಡು ಬೇರೆ ಬೇರೆ ಸರಕು ಮಾರುತ್ತಾರೆ. ಒಂದರಲ್ಲಿ ಆಕ್ಟೇನ್ ಜಾಸ್ತಿ. ಇನ್ನೊಂದರಲ್ಲಿ ಆಕ್ಟೇನ್ ಸಾದಾದಷ್ಟೇ, ಇಂಜಿನ್ ಒಳಗೆ ಕಿಟ್ಟ ಕಟ್ಟದ ಹಾಗೆ ನೋಡಿಕೊಳ್ಳುವ ಕ್ಲೀನಿಂಗ್ ಅಂಶ ಮಾತ್ರ ಜಾಸ್ತಿ. ಪಂಪಿನ ಮೇಲೆ ಅಂಕ ಓದದೆ ಹೆಸರು ನೋಡಿ ಹಾಕಿಸಿದರೆ, ನಾಕಿಂಗ್‌ಗೆ ಅಂತ ತಂದ ಪೆಟ್ರೋಲು ನಾಕಿಂಗನ್ನು ಮುಟ್ಟುವುದೂ ಇಲ್ಲ. ಕ್ಲೀನಿಂಗ್ ಅಂಶ ಬರೀ ಜಾಹೀರಾತಲ್ಲ, ಇಂಜೆಕ್ಟರ್, ವಾಲ್ವ್ ಶುಚಿಯಾಗಿಡುವ ಕೆಲಸ ಅದಕ್ಕೆ ನಿಜವಾಗಿಯೂ ಇದೆ. ಆದರೆ ಆ ಲಾಭ ಒಂದು ಟ್ಯಾಂಕಿನಲ್ಲಿ ಕಾಣುವಂಥದ್ದಲ್ಲ. ನಾನು ಆ ದುಡ್ಡನ್ನು ಏರ್ ಫಿಲ್ಟರಿಗೂ ಆಯಿಲಿಗೂ ಹಾಕುತ್ತೇನೆ. ಬೈಕನ್ನು ದಿನಾ ಓಡಿಸುತ್ತೇನೆ, ಸರ್ವಿಸ್ ತಪ್ಪಿಸುವುದಿಲ್ಲ, ಹಾಗಾಗಿ ನನಗೆ ಇದೇ ಸರಿ.

ಪ್ರೀಮಿಯಂ ಅಷ್ಟಾಗಿ ಮಾರಾಟವಾಗದ ಪಂಪುಗಳಲ್ಲಿ ಅದನ್ನು ಹಾಕಿಸಲು ನನಗೆ ಮನಸ್ಸಿಲ್ಲ. ಪೆಟ್ರೋಲು ಹಳೆಯದಾದಷ್ಟೂ ಅದರಲ್ಲಿನ ಹಗುರ ಅಂಶ ಆವಿಯಾಗುತ್ತಾ ಹೋಗುತ್ತದೆ. ಸಾದಾ ಆದರೆ ದಿನವೂ ಖಾಲಿಯಾಗಿ ಹೊಸದು ಬರುತ್ತಿರುತ್ತದೆ.

ಗೆಳೆಯ 95 ಬಿಟ್ಟು ಬೇರೆ ಹಾಕಿಸುವುದಿಲ್ಲ, ಹಾಕಿಸಲೂಬಾರದು. ದೂರದ ದಾರಿಯಲ್ಲಿ ಅದು ಸಿಗದಿದ್ದರೆ ಮುಂದಿನ ಪಂಪಿನವರೆಗೆ ಸಾಕಾಗುವಷ್ಟು ಮಾತ್ರ ಸಾದಾ ಹಾಕಿಸುತ್ತಾನೆ. ಟ್ಯಾಂಕಿನಲ್ಲಿ ಉಳಿದ 95ರ ಜೊತೆ ಅದು ಬೆರೆಯುತ್ತದೆ. ಏರಿನಲ್ಲಿ ಒಂದು ಗೇರ್ ಕೆಳಗೇ ಇಟ್ಟುಕೊಂಡು, ಥ್ರಾಟಲ್ ಒಮ್ಮೆಲೇ ತಿರುಗಿಸದೆ ಹೋಗುತ್ತಾನೆ. ಸದ್ದು ಬಂದಿಲ್ಲ.

ನಾನು ಸಾದಾ ಬಿಡುವುದು ಒಂದೇ ಸಂದರ್ಭದಲ್ಲಿ: ಬೈಕನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ. ಸಾದಾದಲ್ಲಿ ಬೆರೆತ ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನೀರು ಜಾಸ್ತಿಯಾದರೆ ಅದು ಪೆಟ್ರೋಲಿನಿಂದ ಬೇರ್ಪಟ್ಟು ನೀರಿನ ಸಮೇತ ತಳಕ್ಕೆ ಇಳಿಯುತ್ತದೆ. ಕೆಲವು ಕಡೆ ಮೇಲಿನ ದರ್ಜೆಯ ಪೆಟ್ರೋಲಿನಲ್ಲಿ ಎಥನಾಲ್ ಇರುವುದಿಲ್ಲ. ಅಂಥದ್ದು ಸಿಕ್ಕರೆ ಟ್ಯಾಂಕ್ ತುಂಬಿಸಿ ನಿಲ್ಲಿಸುತ್ತೇನೆ. ಕಾರ್ಬುರೇಟರ್ ಬೈಕಾದರೆ ಅದರ ಬಟ್ಟಲಿನಲ್ಲಿ ಉಳಿದ ಪೆಟ್ರೋಲನ್ನು ಅಡಿಯ ಸ್ಕ್ರೂ ಬಿಚ್ಚಿ ಹೊರಗೆ ಬಿಡುವುದನ್ನು ಮರೆಯಬೇಡಿ, ಅದಕ್ಕೆ ಯಾವ ಪೆಟ್ರೋಲಾದರೂ ಒಂದೇ.